ಒಂದು ಬಿಲ್ಲೆಯ ಲೆಕ್ಕ

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. 44ರಲ್ಲಿ 43 ಕಳೆದರೆ ಎಷ್ಟು? "ಇದೂ ಒಂದು ಲೆಕ್ಕವೇ ತಾತಾ!" ಎಂದು ನಗಬೇಡಿ. 2024ರ ಆಗಸ್ಟ್ 5ರಂದು ನಮ್ಮ ದೇಶಕ್ಕೆ ಒಲಿಂಪಿಕ್ಸ್‌ನ ಕಂಚಿನ ಪದಕ ತಪ್ಪಿಹೋದದ್ದು ಇದೇ ಲೆಕ್ಕದಲ್ಲಿ.

ಅದು ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟ. ಬಿಲ್ಲೆಯ ಅಗಲ 11 ಸೆಂಟಿಮೀಟರ್. ನಿಮ್ಮ ಮನೆಯ ಕಾಫಿ ಸಾಸರಿಗಿಂತ ತುಸು ಚಿಕ್ಕದು. ತೂಕ 105 ಗ್ರಾಂ, ಒಂದು ಸೋಪಿನಷ್ಟು. ಬಹಳ ಹಿಂದೆ ಪೆಟ್ಟಿಗೆಯೊಳಗಿಂದ ಜೀವಂತ ಪಾರಿವಾಳ ಹಾರಿಬಿಟ್ಟು ಹೊಡೆಯುತ್ತಿದ್ದರಂತೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆ ಕ್ರೂರ ಸ್ಪರ್ಧೆ ನಡೆದಿತ್ತು. ಪುಣ್ಯಕ್ಕೆ ಪಾರಿವಾಳದ ಜಾಗಕ್ಕೆ ಮಣ್ಣಿನ ಬಿಲ್ಲೆ ಬಂತು. ಈಗಿನ ಬಿಲ್ಲೆಯನ್ನು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ಮಾಡುತ್ತಾರೆ. ಹೆಸರು ಮಾತ್ರ ಮಣ್ಣಿನದೇ ಉಳಿದಿದೆ.

ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅದೇನು ಸುಲಭವಲ್ಲ. ಆದರೂ ತೆಂಗಿನಕಾಯಿ ಕಟ್ಟಿದ ಜಾಗದಲ್ಲೇ ಇರುತ್ತದೆ. ಬಿಲ್ಲೆ ಹಾಗಲ್ಲ, ಹಾರುತ್ತಲೇ ಇರುತ್ತದೆ.

'ಟ್ರ್ಯಾಪ್' ಎಂಬ ಸ್ಪರ್ಧೆಯಲ್ಲಿ ಸ್ಪರ್ಧಿಯ ಮುಂದೆ ನೆಲದೊಳಗೆ ಯಂತ್ರಗಳಿರುತ್ತವೆ. ಅವನು ಕೂಗು ಹಾಕಿದೊಡನೆ ಒಂದು ಬಿಲ್ಲೆ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಎಡಕ್ಕೋ ಬಲಕ್ಕೋ ನೇರಕ್ಕೋ, ಮೊದಲೇ ಗೊತ್ತಾಗುವುದಿಲ್ಲ. 'ಸ್ಕೀಟ್' ಸ್ಪರ್ಧೆಯಲ್ಲಿ ಎರಡು ಗೂಡುಗಳಿಂದ ಬಿಲ್ಲೆಗಳು ಅಡ್ಡಡ್ಡ ಹಾರುತ್ತವೆ. ದಾರಿ ಗೊತ್ತಿರುತ್ತದೆ, ಹೊರಡುವ ಕ್ಷಣ ಗೊತ್ತಿರುವುದಿಲ್ಲ. ತೋಟೆಯಲ್ಲಿ 24 ಗ್ರಾಂ ಸೀಸ, ಸಾಸಿವೆಯಂಥ ನೂರಾರು ಕಾಳುಗಳಾಗಿ ಇರುತ್ತದೆ. ಆ ಕಾಳುಗಳು ತಲುಪುವಷ್ಟರಲ್ಲಿ ಬಿಲ್ಲೆ ಕೆಲವು ಅಡಿ ಮುಂದೆ ಹೋಗಿರುತ್ತದೆ. ಲಗೋರಿಯಲ್ಲಿ ಓಡುವ ಹುಡುಗನಿಗೆ ನೀವು ಚೆಂಡು ಎಸೆಯುವಾಗ ಅವನ ಮುಂದಕ್ಕೆ ಎಸೆಯುತ್ತೀರಲ್ಲ, ಹಾಗೆಯೇ ಇಲ್ಲೂ ಬಿಲ್ಲೆ ಬರಲಿರುವ ಜಾಗಕ್ಕೆ ಗುರಿ ಇಡಬೇಕು. ಕಣ್ಣಿಗೆ ಕಾಣುವ ಒಂದು ಚೂರಾದರೂ ಒಡೆದರೆ ಒಂದು ಅಂಕ. ಬರೀ ಧೂಳು ಹಾರಿದರೆ ಸೊನ್ನೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೀಟ್ ಮಿಶ್ರ ತಂಡದ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಕಂಚಿಗಾಗಿ ಚೀನಾದ ಜೋಡಿಯ ಎದುರು ನಿಂತರು. ಪ್ರತಿ ತಂಡಕ್ಕೆ 48 ಬಿಲ್ಲೆ. ಚೀನಾ 44 ಒಡೆಯಿತು, ನಮ್ಮವರು 43. ಅದೇ ದಿನ ಚಿನ್ನದ ಪಂದ್ಯದಲ್ಲಿ ಇಟಲಿ ಅಮೆರಿಕವನ್ನು ಸೋಲಿಸಿದ್ದು 45–44ರಿಂದ. ಅಲ್ಲೂ ಒಂದೇ ಬಿಲ್ಲೆ!

ಒಂದು ಬಿಲ್ಲೆ ಕಸಿದುಕೊಂಡಂತೆ ಕೊಟ್ಟದ್ದೂ ಉಂಟು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಒಮ್ಮೆಗೆ ಎರಡು ಬಿಲ್ಲೆ ಹಾರುವ 'ಡಬಲ್ ಟ್ರ್ಯಾಪ್' ಸ್ಪರ್ಧೆ ಇತ್ತು. ರಾಜ್ಯವರ್ಧನ್ ಸಿಂಗ್ ರಾಥೋಡ್ 200ಕ್ಕೆ 179 ಒಡೆದು ಬೆಳ್ಳಿ ಗೆದ್ದರು. ಮೂರನೆಯವರಾದ ಚೀನಾದ ವಾಂಗ್ ಝೆಂಗ್ ಅವರದು 178. ಅದಕ್ಕೂ ಮೊದಲು, 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಕಾನೇರಿನ ಕರ್ಣಿ ಸಿಂಗ್ ಮೊದಲ ಸ್ಥಾನಕ್ಕೆ ಸಮ ಅಂಕ ಪಡೆದು, ಮತ್ತೆ ಹೊಡೆಸಿದಾಗ ಸೋತು ಬೆಳ್ಳಿ ತಂದರು. ಟ್ರ್ಯಾಪ್‌ನ ವಿಶ್ವ ಚಿನ್ನ ಭಾರತಕ್ಕೆ ಬರಲು 2006ರವರೆಗೆ ಕಾಯಬೇಕಾಯಿತು. ಅದನ್ನು ತಂದವರು ಮಾನವ್‌ಜಿತ್ ಸಿಂಗ್ ಸಂಧು.

ಒಂದು ಅಂಕದಲ್ಲಿ ಸೋತಾಗ ನೋಡುವವರೆಲ್ಲ "ಅಯ್ಯೋ, ಕೊನೆಯ ಬಿಲ್ಲೆ ಹೋಯಿತಲ್ಲ" ಎನ್ನುತ್ತಾರೆ. ಲೆಕ್ಕದ ಪುಸ್ತಕ ಹಾಗೆ ಹೇಳುವುದಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹುಡುಕಿದರೆ ಅದು ಎಷ್ಟೋ ಸಲ ಬೆಳಗಿನ ಮೊದಲ ವೋಚರಿನಲ್ಲೇ ಸಿಗುತ್ತಿತ್ತು. ಕೂಡುವ ಲೆಕ್ಕದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಬೆಲೆ ಒಂದೇ. ಕಂಚಿನ ಪಂದ್ಯದಲ್ಲಿ ನಮ್ಮವರು ತಪ್ಪಿದ 5 ಬಿಲ್ಲೆಗಳಲ್ಲಿ ಯಾವುದು 'ಆ ಒಂದು'? ಐದೂ ಹೌದು.

ಆದರೆ ಬ್ಯಾಂಕಿಗೂ ಈ ಆಟಕ್ಕೂ ಒಂದು ವ್ಯತ್ಯಾಸವಿದೆ. ತಪ್ಪಿದ ರೂಪಾಯಿಯನ್ನು ಹುಡುಕಿ ಸರಿಪಡಿಸಬಹುದು, ತಪ್ಪಿದ ಬಿಲ್ಲೆ ಮತ್ತೆ ಬಾರದು. ಅದಕ್ಕಾಗಿ ಕೊರಗುತ್ತ ನಿಂತರೆ ಮುಂದಿನದೂ ಕೈತಪ್ಪುತ್ತದೆ. ಆದ್ದರಿಂದ ಸ್ಪರ್ಧಿಗಳು ಎರಡು ಪಾಠ ಒಟ್ಟಿಗೆ ಕಲಿಯುತ್ತಾರೆ: ಮೊದಲನೆಯದನ್ನು "ಇನ್ನೂ ಬಹಳ ಇದೆ" ಎಂದು ಹಗುರ ಮಾಡಬಾರದು, ಹೋದದ್ದನ್ನು ಹೆಗಲ ಮೇಲೆ ಹೊರಬಾರದು.

ಈ ಮಾತು ದೊಡ್ಡವರಿಗೂ ಸೇರಿದ್ದು. ನಮ್ಮ ಬಸವೇಶ್ವರನಗರದಲ್ಲಿ ಫಲಿತಾಂಶದ ದಿನ "ಒಂದೇ ಮಾರ್ಕಿನಲ್ಲಿ ಹೋಯಿತು" ಎಂಬ ನಿಟ್ಟುಸಿರು ಎಷ್ಟೋ ಮನೆಗಳಿಂದ ಕೇಳಿಸುತ್ತದೆ. ಹೋದ ಒಂದನ್ನೇ ಹಿಡಿದು ಮಗುವನ್ನು ವಾರಗಟ್ಟಲೆ ಚುಚ್ಚುವ ಅಪ್ಪ ಅಮ್ಮಂದಿರೇ, ಒಡೆದ 43ನ್ನೂ ಒಮ್ಮೆ ಎಣಿಸಿ. ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗುವುದೆಂದರೆ ಇಡೀ ಪ್ರಪಂಚದಲ್ಲಿ ಮೂವರ ಹಿಂದೆ ನಿಲ್ಲುವುದು.

ಒಂದು ಎಚ್ಚರಿಕೆ, ಮಕ್ಕಳೇ. ಕೋವಿ ಆಟದ ಸಾಮಾನಲ್ಲ. ಇದನ್ನು ಕಲಿಯುವುದು ಗುರುಗಳ ಎದುರು, ಶೂಟಿಂಗ್ ರೇಂಜಿನಲ್ಲಿ, ಕಿವಿಗೆ ಕಣ್ಣಿಗೆ ರಕ್ಷಣೆ ಹಾಕಿಕೊಂಡು ಮಾತ್ರ.

ಕೊನೆಗೆ ಈ ವಾರದ ಲೆಕ್ಕ. ಟ್ರ್ಯಾಪ್‌ನಲ್ಲಿ 25 ಬಿಲ್ಲೆಗಳ 5 ಸುತ್ತು. ಒಬ್ಬಳು 25, 25, 25, 25, 21 ಒಡೆದಳು. ಇನ್ನೊಬ್ಬಳು 24, 24, 24, 24, 25. ಯಾರು ಮುಂದೆ? ಕೂಡಿ ನೋಡಿ, ಉತ್ತರವನ್ನು ಮನೆಯವರಿಗೆ ಹೇಳಿ. ಕಾರಣವನ್ನೂ ಹೇಳಿದರೆ ಪೂರ್ತಿ ಅಂಕ.