ಮೊದಲು ಸ್ಟ್ಯಾಂಡ್ ಇಡ್ರಿ, ಆಮ್ಯಾಲ ಕೆಳಗ ಹೋಗ್ತೀವಿ

ಹಾಸ್ಟೆಲ್ ಗೆಳೆಯರೇ,

ಪರೀಕ್ಷೆ ಮುಗಿದ ಮರುದಿನವೇ ಪುಸ್ತಕ ಕಟ್ಟಿಟ್ಟು ಗ್ಯಾರೇಜು ಸೇರುವವರು ನಮ್ಮಲ್ಲಿ ಬಹಳ ಜನ ಇದ್ದೇವೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರ. ದಾರಿಯ ಬದಿಗೆ ಟ್ರ್ಯಾಕ್ಟರು, ಟ್ರೇಲರು, ಟೆಂಪೊ ಎತ್ತಿ ನಿಲ್ಲಿಸಿದ ಗ್ಯಾರೇಜುಗಳು. ಗಲ್ಲಾದ ಮುಂದ ಮಾಲಕ ಕುಂತಿರ್ತಾನ. ಗಾಡಿಯ ಕೆಳಗ ಯಾರ ಕಾಲು ಕಾಣ್ತಾವ? ನಮ್ಮ ಕೇರಿಯ ಹುಡುಗರವು.

ಆ ಗಾಡಿ ಯಾತರ ಮ್ಯಾಲ ನಿಂತೈತಿ? ಬರೀ ಜಾಕಿನ ಮ್ಯಾಲ. ಇಲ್ಲಾಂದ್ರ ಎರಡು ಕಲ್ಲು, ನಾಕು ಇಟ್ಟಂಗಿ.

ಒಂದು ಬ್ಯಾಸಗಿ ರಜೆಯಲ್ಲಿ ನಮ್ಮ ಜೋಡಿ ದುಡಿಯುತ್ತಿದ್ದ ಗೆಳೆಯನೊಬ್ಬ ಪಾನಾ ತರಲೆಂದು ಗಾಡಿಯ ಕೆಳಗಿನಿಂದ ಹೊರಗೆ ಬಂದ. ಅವನ ಬೆನ್ನ ಹಿಂದೆಯೇ ಜಾಕು ಕುಸಿಯಿತು. ಮಾಲಕ ಓಡಿ ಬಂದು ಮೊದಲು ನೋಡಿದ್ದು ಗಾಡಿಯ ಆಕ್ಸಲ್, ಆಮೇಲೆ ಹುಡುಗನ ಮುಖ. ಮರುದಿನವೂ ಅದೇ ಜಾಕು, ಅದೇ ಹುಡುಗ.

ಇದರಾಗ ದೊಡ್ಡ ವಿದ್ಯೆ ಏನೂ ಇಲ್ಲ. ಜಾಕು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಹೈಡ್ರಾಲಿಕ್ ಜಾಕಿನಲ್ಲಿ ಭಾರ ಹೊತ್ತಿರುವುದು ಎಣ್ಣೆಯ ಒತ್ತಡ. ಒಳಗಿನ ಸೀಲು ಸವೆದು ಎಣ್ಣೆ ಸೋರಿದರೆ ಗಾಡಿ ಇಳಿಯುತ್ತದೆ. ಇಟ್ಟಂಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಉಕ್ಕಿನ ಸ್ಟ್ಯಾಂಡು ಎಣ್ಣೆಯನ್ನು ನಂಬಿಲ್ಲ. ಅದರ ಪಿನ್ನು ಇಲ್ಲವೆ ಹಲ್ಲು ಕಚ್ಚಿ ಹಿಡಿಯುತ್ತದೆ.

ಟ್ರ್ಯಾಕ್ಟರು, ಲಾರಿಗೆ ಎತ್ತರದ ಸ್ಟ್ಯಾಂಡೇ ಬೇಕು. ಆದರೆ ಎತ್ತರ ಹೆಚ್ಚಿದಷ್ಟೂ ಅದು ವಾಲುವ ಅಪಾಯ ಹೆಚ್ಚು. ಬುಡ ಅಗಲವಿರಲಿ. ಅದರ ಮೇಲೆ ಬರೆದ ಟನ್ನು ಗಾಡಿಯ ಭಾರಕ್ಕೆ ಸಾಲುತ್ತದೋ ಓದಿ ನೋಡಿ. ಎರಡೂ ಬದಿಗೆ ಒಂದೊಂದು, ಒಂದೇ ಎತ್ತರಕ್ಕೆ, ಆಕ್ಸಲ್ ಇಲ್ಲವೆ ಚಾಸಿಯ ಗಟ್ಟಿ ಜಾಗದ ಕೆಳಗೆ ಇಡಿ. ನೆಲದ ಮೇಲೆ ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ಒತ್ತು ಕೊಡಿ. ನಮ್ಮದು ಎರಿ ಭೂಮಿ. ಮಳೆಗೆ ಮೆತ್ತಗ, ಬ್ಯಾಸಗಿಗೆ ಬಿರುಕು. ಅದರಲ್ಲಿ ಸ್ಟ್ಯಾಂಡಿನ ಕಾಲು ಹೂತು ಹೋಗುತ್ತದೆ. ಕಾಂಕ್ರೀಟ್ ನೆಲ ಬೇಕು, ಇಲ್ಲದಿದ್ದರೆ ಕೆಳಗೆ ದಪ್ಪ ಉಕ್ಕಿನ ಹಲಗೆ ಬೇಕು. ಒಳಗೆ ಹೋಗುವ ಮುಂಚೆ ಹೊರಗೆ ನಿಂತು ಗಾಡಿಯನ್ನೊಮ್ಮೆ ಅಲುಗಿಸಿ ನೋಡಿ.

ಇಷ್ಟು ಗೊತ್ತಿದ್ದೂ ಯಾಕೆ ಸುಮ್ಮನಿದ್ದೇವೆ? ಒಬ್ಬ ಕೇಳಿದರೆ "ನಾಳಿಂದ ಬರಬ್ಯಾಡ" ಅಂತಾರ. ಅವನ ಜಾಗಕ್ಕೆ ನಮ್ಮದೇ ಕೇರಿಯ ಇನ್ನೊಬ್ಬ ಹೋಗುತ್ತಾನೆ. "ಗಂಡಸಾಗಿ ಹೆದರ್ತೀ ಏನಲೇ" ಎಂದರೆ ನಾವೂ ನಗುತ್ತೇವೆ. ಆ ನಗು ನಮ್ಮ ಎದೆಯ ಮೇಲಿನ ಭಾರ ಇಳಿಸುವುದಿಲ್ಲ.

1938ರಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು ಬಾಬಾಸಾಹೇಬರು ಇದೇ ನೋವನ್ನು ಆಡಿದ್ದರು. ವರ್ಕ್‌ಶಾಪುಗಳಲ್ಲಿ ನಮ್ಮವರು ಮೆಕ್ಯಾನಿಕ್ ಆಗುವುದು ಅಪರೂಪ, ಕೂಲಿಯಾಗಿ ಸೇರಿ ಕೂಲಿಯಾಗಿಯೇ ಉಳಿಯುತ್ತಾರೆ ಎಂದಿದ್ದರು. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ದುಡಿಯುವವನ ವೈರಿಗಳೆಂದು ಹೇಳಿದ್ದೂ ಅಲ್ಲಿಯೇ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾಯ್ದೆ ಈ ದೇಶಕ್ಕೆ 1923ರಲ್ಲೇ ಬಂತು. 2016ರ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಗ್ಯಾರೇಜೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಕಾಗದದಲ್ಲಿ ಎಲ್ಲಾ ಐತಿ. ಗಾಡಿಯ ಕೆಳಗೆ ಮಾತ್ರ ಏನೂ ಇಲ್ಲ.

ಪರಿಹಾರ ಬರುವುದು ಮೂಳೆ ಮುರಿದ ಮೇಲೆ. ನಮಗೆ ಮೂಳೆ ಮುರಿಯುವ ಮುಂಚಿನ ಮಾತು ಬೇಕು.

ಅದಕ್ಕೇ ಈ ರಜೆಗೆ ಊರಿಗೆ ಹೋಗುವ ಮುನ್ನ ಹಾಸ್ಟೆಲಿನಲ್ಲಿ ಒಂದು ಸಂಜೆ ಕೂಡೋಣ. ಯಾರ್‍ಯಾರು ಯಾವ ಗ್ಯಾರೇಜಿಗೆ ಹೋಗುತ್ತಾರೆಂದು ಬರೆದಿಡೋಣ. ಒಬ್ಬನೇ ಕೇಳುವುದು ಬೇಡ, ಎಲ್ಲರೂ ಒಂದೇ ಮಾತು ಕೇಳೋಣ. ಒಬ್ಬನನ್ನು ತೆಗೆದರೆ ಅವನ ಜಾಗಕ್ಕೆ ನಮ್ಮಲ್ಲಿ ಯಾರೂ ಹೋಗುವುದು ಬೇಡ. ಓದು ಬರದ ನಮ್ಮ ತಮ್ಮಂದಿರಿಗೂ ಇದನ್ನು ಓದಿ ಹೇಳೋಣ.

ದುಡಿಯಾಕ ನಾವು ಒಲ್ಲೆ ಅನ್ನೂದಿಲ್ಲ. ಸಾಯಾಕ ಮಾತ್ರ ಒಲ್ಲೆವು.