ಪಡಸಾಲಿಗೆ ಗಾಢ ನೀಲಿ ಹಚ್ಚಲಿಕ್ಕೆ ಅಂಜಿಕಿ ಯಾಕ?

ನವರಾತ್ರಿ ಒಳಗ ನೀಲಿ ಬಣ್ಣದ ದಿನಾ ಬಂತಂದ್ರ ನಮ್ಮ ಓಣ್ಯಾಗ ಒಬ್ಬಾಕಿನೂ ಹಿಂದ ಬೀಳಂಗಿಲ್ಲ. ಟ್ರಂಕಿನ ತಳದಾಗಿನ ಇಲಕಲ್ ಸೀರಿ ಆದ್ರೂ ಹೊರಗ ಬರತದ, ಗುಂಪಿನ ಫೋಟೋನೂ ಆಗತದ. ಅದೇ ನೀಲಿ ಪಡಸಾಲಿ ಗ್ವಾಡಿಗೆ ಹಚ್ಚಸ್ತೀನಿ ಅಂದ್ರ ಮಾತ್ರ, "ಅಯ್ಯ, ಅಷ್ಟು ಗಾಢ ಬ್ಯಾಡವಾ, ಎಲ್ಲಾರಂಗ ಕ್ರೀಮ್ ಹಚ್ಚಿಸಿಬಿಡು" ಅಂತಾರ. ಹಬ್ಬದ ಮುಂದ ಎಲ್ಲಾರ ಮನ್ಯಾಗೂ ಬಣ್ಣದ ಮಾತು ನಡದಿರತದ. ಅದಕ್ಕ ಅಕ್ಕಾ, ವೈನಿ, ಕಾಕು ಎಲ್ಲಾರಿಗೂ ನನ್ನ ಅಭಿಪ್ರಾಯ ನೇರ ಹೇಳಿಬಿಡ್ತೀನಿ: ಯಾರ ಮನಸ್ಸಿನ್ಯಾಗ ನೀಲಿ ಅದನೋ, ಅವರು ನೀಲಿನೇ ಹಚ್ಚಸ್ರಿ. ಅಂಜಿ ತಿಳಿ ಮಾಡಬ್ಯಾಡ್ರಿ.

ನೀಲಿ ಗ್ವಾಡಿ ಅಂದ್ರ ಪರದೇಶದ ಫ್ಯಾಶನ್ ಅಲ್ಲ. ನಮ್ಮ ಹಳ್ಳಿ ಮನಿಗೋಳಿಗೆ ಸುಣ್ಣದಾಗ ನೀಲಿ ಪುಡಿ ಕಲಸಿ ಹೊಡೀತಿದ್ರು. ಚಿಟಿಕಿ ಹಾಕಿದ್ರ ಸುಣ್ಣ ಇನ್ನೂ ಬೆಳ್ಳಗ ಕಾಣತಿತ್ತು, ಕೈ ಬಿಟ್ಟು ಹಾಕಿದ್ರ ಗ್ವಾಡಿನೇ ಆಕಾಶ ಆಗತಿತ್ತು. ಬಿಳೀ ಧೋತ್ರ ಹಿಂಡೂವಾಗ ನೀರಿಗೆ ಹಾಕತಿದ್ದ ಪುಡಿ ನೀಲಿನೂ ಅದೇ. ಅರಬಿ ಮ್ಯಾಲಿನ ಹಳದಿ ಛಾಯೆ ನೀಲಿ ನುಂಗತದ, ಕಣ್ಣಿಗೆ ಬಿಳುಪು ಕಾಣತದ. ಅಲ್ಟ್ರಾಮರೀನ್ ಅಂತ ಅದರ ಹೆಸರು. ಮೊದಲ ಅದನ್ನ ಅಫಘಾನಿಸ್ತಾನದ ಲ್ಯಾಪಿಸ್ ಲಜುಲಿ ಕಲ್ಲು ಅರದು ಮಾಡತಿದ್ರು, ಭಾಳ ತುಟ್ಟಿ. 1820ರ ದಶಕದಾಗ ಯುರೋಪಿನವರು ಅದನ್ನ ಕಾರ್ಖಾನ್ಯಾಗ ಮಾಡೂ ರೀತಿ ಕಂಡುಹಿಡದ್ರು. ಆಮ್ಯಾಲೆ ಬಡವರ ಗ್ವಾಡಿಗೂ ನೀಲಿ ಬಂತು. ಸುಣ್ಣದ ಖಾರಕ್ಕ ಈ ನೀಲಿ ಕೆಡಂಗಿಲ್ಲ, ಅದಕ್ಕ ಗ್ವಾಡಿ ಮ್ಯಾಲೆ ಉಳೀತಿತ್ತು.

ಈಗ ಮಂದಿ ಆಡೂ ಮಾತು ಒಂದೊಂದಾಗಿ ನೋಡೋಣ.

"ನೀಲಿ ಶನಿ ಬಣ್ಣ" ಅಂತಾರ. ಶನಿಗೆ ನೀಲಿ ಹೇಳ್ಯಾರ, ಖರೇ. ಆದ್ರ ಕೃಷ್ಣನ ಚಿತ್ರ ಬರಿಯೂವಾಗ ಯಾವ ಬಣ್ಣ ತಗೋತೀರಿ? ಶಿವನ್ನ ನೀಲಕಂಠ ಅಂತ ಕರೀತೀವಿ. ದೇವರ ಮೈಗೆ ಒಪ್ಪಿದ್ದು ಗ್ವಾಡಿಗೆ ಯಾಕ ಒಪ್ಪಂಗಿಲ್ಲ?

ಎರಡನೇ ಮಾತು ಯಾರೂ ಜೋರಾಗಿ ಆಡಂಗಿಲ್ಲ, ಕಿವ್ಯಾಗ ಆಡತಾರ: "ಅಷ್ಟು ನೀಲಿ ಹಚ್ಚಿದ್ರ ನೋಡಿದವರು ನಮ್ಮನ್ನ ಯಾರಂತ ತಿಳಕೋಬೇಕು?" ಇದರ ಅರ್ಥ ಎಲ್ಲಾರಿಗೂ ಗೊತ್ತದ. ಅಂಬೇಡ್ಕರ್ ಅವರು 1942ರಾಗ ಕಟ್ಟಿದ ಪರಿಶಿಷ್ಟ ಜಾತಿಗಳ ಫೆಡರೇಶನ್ನಿನ ಬಾವುಟ ನೀಲಿ, ಇವತ್ತಿಗೂ ದಲಿತ ಚಳವಳಿ ಬಣ್ಣ ನೀಲಿ. ಅದೇ ರಾಜಸ್ಥಾನದ ಜೋಧಪುರಕ್ಕ ಹೋಗ್ರಿ, ಹಳೇ ಊರಾಗ ಸಾಲಿಗೆ ಸಾಲು ನೀಲಿ ಮನಿ. ಅಲ್ಲೆ ನೀಲಿ ಅಂದ್ರ ಮೊದಲ ಬ್ರಾಹ್ಮಣರ ಮನಿ ಗುರುತು ಆಗಿತ್ತು ಅಂತ ಹೇಳತಾರ. ಬಣ್ಣ ಒಂದೇ. ಅದಕ್ಕ ಜಾತಿ ಹಚ್ಚವರು ನಾವು. ನೋಡಿದವರು ಏನರೆ ತಿಳಕೊಂಡ್ರ ತಿಳಕೊಳ್ಳಲಿ, ಅದರಾಗ ನಾವು ಸಣ್ಣವರಾಗೂದು ಏನದ? ಇಂಥಾ ಮಾತಿಗೆ ಅಂಜಿ ಬಣ್ಣ ಬದಲ ಮಾಡಿದ್ರ, ಕೇಳಸಕೊಂತ ಕೂತ ನಮ್ಮ ಮಕ್ಕಳಿಗೆ ನಾವು ಏನು ಕಲಿಸಿದಂಗಾತು? ನೀಲಿ ಬ್ಯಾಡ ಅನ್ನಸಿದ್ರ ಬಿಡ್ರಿ, ಆದ್ರ ಈ ಕಾರಣಕ್ಕ ಬಿಡಬ್ಯಾಡ್ರಿ.

ಮೂರನೇ ಮಾತು "ಖೋಲಿ ಕತ್ತಲಿ ಆಗತದ" ಅನ್ನೂದು. ಇದರಾಗ ಮಾತ್ರ ಹುರುಳದ. ಗಾಢ ಬಣ್ಣ ಬೆಳಕು ನುಂಗತದ. ಅದಕ್ಕ ನಾಕೂ ಗ್ವಾಡಿಗೆ ಹಚ್ಚಬ್ಯಾಡ್ರಿ, ಒಂದಕ್ಕ ಹಚ್ಚರಿ. ಕಿಡಕಿ ಇರೂ ಗ್ವಾಡಿ ಬಿಟ್ಟು, ಕಿಡಕಿ ಬೆಳಕು ಬೀಳೂ ಎದರಿನ ಗ್ವಾಡಿ ಆರಸ್ರಿ. ಮ್ಯಾಲಿನ ಛತ್ತು ಬೆಳ್ಳಗ ಇರಲಿ. ಉತ್ತರದ ಕಿಡಕಿ ಬೆಳಕಿನ್ಯಾಗ ನೀಲಿ ತಣ್ಣಗ, ಒಂದೀಟು ಬೂದಿ ಬಣ್ಣ ಕಾಣತದ. ಪಶ್ಚಿಮದ ಸಂಜಿ ಬಿಸಲಿಗೆ ಅದೇ ನೀಲಿ ಬೆಚ್ಚಗ ಕಾಣತದ. ರಾತ್ರಿದು ಬ್ಯಾರೆ ಕಥಿ. ಡಬ್ಬಿ ಮ್ಯಾಲೆ 6500 ಕೆ ಅಂತ ಬರದಿರೂ ಬೆಳ್ಳನ ಬಲ್ಬಿನ್ಯಾಗ ನೀಲಿ ದವಾಖಾನಿ ಕಳೆ ಕೊಡತದ. 3000 ಅಥವಾ 4000 ಕೆ ಬಲ್ಬ್ ಹಾಕ್ರಿ, ಮನಿ ಮನಿಯಂಗ ಕಾಣತದ.

ಶೇಡ್ ಕಾರ್ಡಿನ ಉಗುರಿನಷ್ಟು ಚೌಕ ನೋಡಿ ಆರಸಬ್ಯಾಡ್ರಿ. ಸಣ್ಣ ಸ್ಯಾಂಪಲ್ ಡಬ್ಬಿ ತಂದು ಎರಡು ಫೂಟ್ ರಟ್ಟಿಗೆ ಹಚ್ಚಿ ಗ್ವಾಡಿಗೆ ಆನಿಸಿ ಇಡ್ರಿ. ಮುಂಜಾನೆ, ಮಧ್ಯಾಹ್ನ, ದೀಪ ಹಚ್ಚಿದ ಮ್ಯಾಲೆ, ಹಿಂಗ ಮೂರು ಹೊತ್ತು ನೋಡ್ರಿ. ಗ್ವಾಡ್ಯಾಗ ತೇವ ಇದ್ದು ಉಪ್ಪಿನಂಗ ಬಿಳೇದು ಏಳತಿದ್ರ ಮೊದಲ ಅದನ್ನ ಸರಿ ಮಾಡಸ್ರಿ. ಕ್ರೀಮ್ ಮ್ಯಾಲೆ ಮುಚ್ಚಿಹೋಗೂ ಕಲೆ ನೀಲಿ ಮ್ಯಾಲೆ ಎದ್ದು ಕಾಣತದ. ಭಾಳ ಹೊಳಿಯೂ ಬಣ್ಣ ಹಚ್ಚಿದ್ರ ಗಿಲಾವಿನ ಉಬ್ಬುತಗ್ಗು ಎಲ್ಲಾ ಕಾಣತದ. ಒದ್ದಿ ಅರಬೀಲೆ ಒರಸಲಿಕ್ಕೆ ಬರೂವಂಥಾ, ಹೊಳಪು ಕಡಿಮಿ ಇರೂದು ತಗೋರಿ.

"ಮುಂದ ಮನಿ ಮಾರೂವಾಗ ಯಾರು ತಗೋತಾರ?" ಅಂತ ಕೇಳವರೂ ಇದ್ದಾರ. ಹತ್ತು ಫೂಟ್ ಎತ್ತರ, ಹನ್ನೆರಡು ಫೂಟ್ ಅಗಲದ ಗ್ವಾಡಿಗೆ ಎರಡು ಕೋಟ್ ಅಂದ್ರ ಸುಮಾರು ಎರಡು ಲೀಟರ್ ಬಣ್ಣ. ಗಾಢ ಬಣ್ಣಕ್ಕ ಒಮ್ಮೊಮ್ಮೆ ಮೂರನೇ ಕೋಟೂ ಬೇಕಾಗತದ. ಬ್ಯಾಸರಾದ್ರ ಮ್ಯಾಲೆ ಪ್ರೈಮರ್ ಹೊಡದು ಬ್ಯಾರೆ ಹಚ್ಚಬಹುದು. ಎಂದೋ ಬರೂ ಗಿರಾಕಿ ಸಲುವಾಗಿ ಇವತ್ತಿನಿಂದನೇ ನಮ್ಮ ಕಣ್ಣು ಒಣಗಿಸಿಕೊಂಡು ಕೂಡೂದು ಯಾವ ಲೆಕ್ಕ?

ಇನ್ನ ಜೋಡಿ. ನೀಲಿಗೆ ಒಪ್ಪೂವಂಥಾದ್ದು ನಮ್ಮ ಸೀಮ್ಯಾಗೇ ಬೇಕಾದಷ್ಟದ. ಗುಳೇದಗುಡ್ಡದ ಖಣದಾಗ ಕೆಂಪು, ಅರಿಶಿಣ ಬಣ್ಣದ್ದು ತಗೊಂಡು ದಿಂಬಿಗೆ ಗವಸಣಿಗಿ ಹೊಲಸ್ರಿ. ನಮ್ಮ ಧಾರವಾಡ ಜಿಲ್ಲೆ ನವಲಗುಂದದ ಹೆಣ್ಣುಮಕ್ಕಳು ಕೈಲೆ ನೇಯೂ ಜಮಖಾನಿ ಹಾಸ್ರಿ. ಅಜ್ಜಿ ಕಾಲದ ಹಿತ್ತಾಳಿ ಸಮೆ ತಿಕ್ಕಿ ಆ ಗ್ವಾಡಿ ಮುಂದ ಇಟ್ಟು ನೋಡ್ರಿ, ಕ್ರೀಮ್ ಮುಂದ ಮಂಕಾಗಿದ್ದ ಸಮೆ ಹೆಂಗ ಹೊಳೀತದ ಅಂತ. ಪಡದೆ ಮಾತ್ರ ಬಿಳೇದೋ ಕೋರಾನೋ ಇರಲಿ. ಪಡದೆನೂ ನೀಲಿ, ಸೋಫಾನೂ ನೀಲಿ ಆದ್ರ ಯಾವದೂ ಎದ್ದು ಕಾಣಂಗಿಲ್ಲ.

ನಾ ಇಷ್ಟು ಬರಿಯೂದಕ್ಕ ಕಾರಣ ಬಣ್ಣ ಒಂದೇ ಅಲ್ಲ. ಪಡಸಾಲ್ಯಾಗ ಕೂತು ಪಲ್ಯ ಸೋಸವರು, ಹುಡುಗರ ಅಭ್ಯಾಸ ತಗೊಳ್ಳವರು, ಬಂದವರಿಗೆ ಚಹಾ ಕೊಡವರು, ದಿನಾ ಗ್ವಾಡಿ ಒರಸವರು ನಾವು. ಬಣ್ಣ ಆರಸೂ ಹೊತ್ತಿಗೆ ಮಾತ್ರ ಪೇಂಟರ್, ಮಾವನವರು, ಎದರು ಮನಿಯವರು ಎಲ್ಲಾರೂ ಬಾಯಿ ಹಾಕತಾರ, ನಮ್ಮನ್ನ ಕಡೀಕೆ ಕೇಳತಾರ. ಈ ಸಲ ಡಬ್ಬಿ ತರೂ ದಿನ ನೀವೂ ಅಂಗಡಿಗೆ ಹೋಗ್ರಿ. ಹಸರು ಬೇಕಾದವರು ಹಸರು ಹೇಳ್ರಿ, ಕ್ರೀಮ್ ಖರೇನೇ ಸೇರತಿದ್ರ ಕ್ರೀಮ್ ಹೇಳ್ರಿ. ನೀಲಿ ಬೇಕಂದವರು ಮಾತ್ರ, "ಒಂದೀಟು ತಿಳಿ ಮಾಡಿ ಕೊಡ್ರಿ" ಅನ್ನಬ್ಯಾಡ್ರಿ.