ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ!

ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮವರಲ್ಲಿ ಹಲವರಿಗೆ ವೆಬ್‌ಸೈಟು, ಆ್ಯಪು ಎಂದರೆ ಇವತ್ತಿಗೂ ಒಂದು ಶೋಕಿ. "ನಮ್ಮ ಇಡ್ಲಿಯೇ ನಮಗೆ ಜಾಹೀರಾತು ಮಾರಾಯ್ರೆ, ಅದೆಲ್ಲ ದೊಡ್ಡವರಿಗೆ" ಅನ್ನುವ ಮಾತನ್ನು ಮಾತುಂಗದಿಂದ ಮುಲುಂಡಿನವರೆಗೂ ಕೇಳಿದ್ದೇನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ಜಾಹೀರಾತು ಹಾಗಿರಲಿ, ನಾನು ಹೇಳುತ್ತಿರುವುದು ಲೆಕ್ಕದ ವಿಷಯ. ಗಲ್ಲಾಪೆಟ್ಟಿಗೆಗೆ ಬಿದ್ದ ನೋಟಿಗೆ ನೆನಪಿಲ್ಲ. ರಾತ್ರಿ ಎಣಿಸಿದಿರಿ, ಬೆಳಿಗ್ಗೆ ಹಾಲಿನವನಿಗೆ, ತರಕಾರಿಯವನಿಗೆ ಕೊಟ್ಟಿರಿ, ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷದ ವ್ಯಾಪಾರಕ್ಕೆ ಸಾಕ್ಷಿ ಎಲ್ಲಿದೆ? ಮಧ್ಯಾಹ್ನ ಕೂರಲು ಜಾಗ ಸಿಗದ ಹೋಟೆಲಿನ ರಿಟರ್ನು ನೋಡಿದರೆ ಬೀಡಾ ಅಂಗಡಿಯಷ್ಟು ಆದಾಯ! ಎರಡನೇ ಹೋಟೆಲಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಇನ್ನೇನು ಹೇಳುತ್ತಾರೆ? ಊರಿನ ಜಾಗದ ಪತ್ರ ತನ್ನಿ ಅನ್ನುತ್ತಾರೆ.

2016ರಲ್ಲಿ ಬಂದ ಯುಪಿಐ ಇರಲಿ, ಆ್ಯಪಿನಲ್ಲಿ ಬರುವ ಆರ್ಡರ್ ಇರಲಿ, ಪ್ರತಿಯೊಂದೂ ತಾರೀಖು, ಮೊತ್ತ ಸಮೇತ ಗುರುತು ಬಿಟ್ಟು ಹೋಗುತ್ತದೆ. ಬರೀ ಆಸ್ತಿ, ಟರ್ನೋವರ್ ನೋಡದೆ ಸಣ್ಣ ಉದ್ದಿಮೆಗಳ ಈ ಡಿಜಿಟಲ್ ಗುರುತುಗಳನ್ನು ಅಳೆದು ಸಾಲ ಕೊಡುವ ವ್ಯವಸ್ಥೆಯನ್ನು ಸರಕಾರಿ ಬ್ಯಾಂಕುಗಳು ಕಟ್ಟಿಕೊಳ್ಳಬೇಕೆಂದು 2024ರ ಜುಲೈ ಬಜೆಟ್ಟಿನಲ್ಲೇ ಘೋಷಣೆಯಾಯಿತು. ಅಂದರೆ ನಿಮ್ಮ ದಿನನಿತ್ಯದ ವ್ಯಾಪಾರವೇ ಭದ್ರತೆ. ಅದನ್ನು ನೀವೇ ಬಚ್ಚಿಟ್ಟರೆ ಯಾರೇನು ಮಾಡಲಾದೀತು?

"ಹಾಗಾದರೆ ತೆರಿಗೆಯವರು?" ಅನ್ನುತ್ತೀರಿ, ಗೊತ್ತು. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಹೋಯಿತು. ಅದು ತಪ್ಪೇ, ಅವರ ಸಿಟ್ಟು ನ್ಯಾಯವೇ. ಆದರೆ ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬೋರ್ಡು ಹಾಕಿದ್ದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನಮ್ಮಂಥ ಸಾಧಾರಣ ಹೋಟೆಲಿನ ಊಟಕ್ಕೆ ತೆರಿಗೆ ನೂರಕ್ಕೆ ಐದು. ಆ್ಯಪಿನ ಮೂಲಕ ಹೋದ ಊಟದ ಜಿಎಸ್‌ಟಿಯನ್ನು 2022ರ ಜನವರಿಯಿಂದ ಆ್ಯಪಿನವರೇ ಕಟ್ಟಬೇಕು. ಇಷ್ಟಕ್ಕೆ ಹೆದರಿ ಓಡುವುದೇ?

ಇನ್ನು ಕಮಿಷನ್. ಇದು ಸುಳ್ಳು ದೂರಲ್ಲ. ಹೋಟೆಲು ಮಾಲೀಕರ ಸಂಘ ಕೊಟ್ಟ ದೂರಿನ ಮೇಲೆ 2022ರ ಏಪ್ರಿಲ್‌ನಲ್ಲಿ ಸ್ಪರ್ಧಾ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ತನಿಖೆಗೆ ಆದೇಶಿಸಿತ್ತು. ಗಿರಾಕಿಯ ವಿವರವನ್ನು ಹೋಟೆಲಿಗೆ ಕೊಡದೆ ಮುಚ್ಚಿಡುತ್ತಾರೆ ಎಂಬುದೂ ಆ ದೂರಿನಲ್ಲಿತ್ತು. ಆದರೆ ಯೋಚಿಸಿ ನೋಡಿ, ಜಾತ್ರೆಯಲ್ಲಿ ಅಂಗಡಿ ಹಾಕಿದರೆ ನೆಲಬಾಡಿಗೆ ಕೊಡುವುದಿಲ್ಲವೇ? ಬಾಡಿಗೆ ಹೆಚ್ಚೆಂದು ಜಾತ್ರೆಗೇ ಹೋಗದವನಿಗೆ ಹೊಸ ಗಿರಾಕಿ ಎಲ್ಲಿಂದ ಬರಬೇಕು? ಜಾತ್ರೆ ಮುಗಿದ ಮೇಲೆ ಅದೇ ಗಿರಾಕಿ ಹುಡುಕಿಕೊಂಡು ಬರಲು ಸ್ವಂತ ವಿಳಾಸ ಮಾತ್ರ ಇರಬೇಕು.

ಆ ಸ್ವಂತ ವಿಳಾಸವೇ ಈ ಕಾಲದಲ್ಲಿ ನಿಮ್ಮದೇ ಒಂದು ವೆಬ್ ಪುಟ. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಮೆನು, ದರ, ಫೋನ್ ನಂಬರು, ಆರ್ಡರ್ ಕೊಟ್ಟು ಹಣ ಕಟ್ಟುವ ದಾರಿ, ಗೂಗಲ್ ನಕ್ಷೆಯಲ್ಲಿ ಹೋಟೆಲಿನ ಜಾಗ ಇದ್ದರೆ ಸಾಕು. ಸತ್ಯನಾರಾಯಣ ಪೂಜೆಯ ಐವತ್ತು ಊಟ, ಪಕ್ಕದ ಆಫೀಸಿನ ಮೂವತ್ತು ಡಬ್ಬಿ ನೇರವಾಗಿ ನಿಮಗೇ ಬರಲಿ, ಮಧ್ಯೆ ಕಮಿಷನ್ ಯಾಕೆ?

ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ಬಂದು, ಲೋಟ ತೊಳೆದು, ನೈಟ್ ಸ್ಕೂಲಿನಲ್ಲಿ ಓದಿ ಹೋಟೆಲು ಕಟ್ಟಿದ ಹಿರಿಯರ ಸಂತತಿ ನಾವು. ಅಪರಿಚಿತ ಶಹರಕ್ಕೆ ಹೆದರದ ಅವರ ಗಲ್ಲಾದಲ್ಲಿ ಕೂತು ನಾವು ಮೊಬೈಲಿಗೆ ಹೆದರುವುದೇ? ಮಗ "ಅಪ್ಪಾ, ಒಂದು ಪುಟ ಮಾಡೋಣ" ಅಂದಾಗ ಗದರಿಸಿ ಕೂರಿಸಿದರೆ ಅವನು ಕಂಪೆನಿ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ಆಮೇಲೆ "ಹೋಟೆಲು ನೋಡಿಕೊಳ್ಳಲು ಯಾರೂ ಇಲ್ಲ" ಎಂದು ಅಳಬೇಡಿ.

ನೀವೇನಂತೀರಿ?